ತಂತ್ರಾಂಶಕ್ಕೂ ಬೇಕು ತಾಲ್ಲೂಕು ಮಟ್ಟದ ಪರೀಕ್ಷೆ

ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು 2024ರ ಸೆಪ್ಟೆಂಬರ್‌ನಲ್ಲಿ, ಮತ್ತೆ 2025ರ ಫೆಬ್ರವರಿಯಲ್ಲಿ ಮುಷ್ಕರ ಹೂಡಿದಾಗ ಅವರ ಬೇಡಿಕೆಗಳಲ್ಲಿ ಹೊಸ ಬಗೆಯ ದೂರೊಂದು ಸೇರಿತ್ತು. ಸೂಕ್ತ ಸೌಲಭ್ಯ ನೀಡದೆ ಒಂದರ ಮೇಲೊಂದು ಮೊಬೈಲ್ ಆ್ಯಪ್ ಹೇರಲಾಗುತ್ತಿದೆ ಎಂಬುದೇ ಆ ದೂರು. ಇದನ್ನು ಕೆಲಸಗಳ್ಳತನವೆಂದು ತಳ್ಳಿಹಾಕುವುದು ಸುಲಭ. ಆದರೆ ಕಂದಾಯ ಇಲಾಖೆಯ ಇತಿಹಾಸವೇ ಬೇರೆ ಪಾಠ ಹೇಳುತ್ತದೆ.

ಭೂ ದಾಖಲೆಗಳ ಗಣಕೀಕರಣಕ್ಕೆ ರಾಜ್ಯದಲ್ಲಿ ಮೊದಲ ಪ್ರಾಯೋಗಿಕ ಯತ್ನ ನಡೆದದ್ದು 1991ರಲ್ಲಿ. ಅದು ಫಲ ನೀಡಲಿಲ್ಲ. ದಾಖಲೆಗಳು ತಿದ್ದುಪಡಿಯಾಗುತ್ತಿದ್ದುದು ತಾಲ್ಲೂಕು ಮಟ್ಟದಲ್ಲಿ. ಅಲ್ಲಿಗೆ ಕಂಪ್ಯೂಟರ್ ಒದಗಿಸುವ ಏರ್ಪಾಡೇ ಇರಲಿಲ್ಲ. ಹೀಗಾಗಿ ಗಣಕದ ಮಾಹಿತಿಗೂ ಗ್ರಾಮ ಲೆಕ್ಕಿಗರ ಕೈಬರಹದ ಪಹಣಿಗೂ ತಾಳಮೇಳ ತಪ್ಪಿತು.

ನಂತರ ಬಂದ 'ಭೂಮಿ' ಯೋಜನೆ ಈ ತಪ್ಪಿನಿಂದ ಕಲಿಯಿತು. ಆಯ್ದ ತಾಲ್ಲೂಕುಗಳಲ್ಲಿ ಮೊದಲು ಪ್ರಯೋಗ ನಡೆಸಿ, ಬಳಿಕ 177 ತಾಲ್ಲೂಕುಗಳಿಗೆ ವಿಸ್ತರಿಸಲಾಯಿತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಗಣಕಕ್ಕೆ ಸೇರಿದವು. ತಂತ್ರಾಂಶ ಕನ್ನಡದಲ್ಲಿತ್ತು. ಸಿಬ್ಬಂದಿಯ ಲಾಗಿನ್‌ಗೆ ಬೆರಳಚ್ಚಿನ ವ್ಯವಸ್ಥೆ ಇತ್ತು. ಅರ್ಜಿದಾರನಿಗೂ ಕಾಣುವಂತೆ ಎರಡನೆಯ ಪರದೆಯನ್ನು ಇರಿಸಲಾಯಿತು. ಕಿಟಕಿಯ ಆಚೆ ನಿಂತ ರೈತನೂ ಬಳಕೆದಾರನೇ ಎಂಬ ತಿಳಿವಳಿಕೆ ಆ ವಿನ್ಯಾಸದಲ್ಲಿತ್ತು.

ಇಂದು ಬೇಕಿರುವುದು ಅದೇ ಕ್ರಮ. ಹೊಸ ಆ್ಯಪ್ ಸಿದ್ಧವಾದೊಡನೆ ರಾಜ್ಯವ್ಯಾಪಿ ಆದೇಶ ಹೊರಡಿಸುವ ಬದಲು, ನೆಟ್‌ವರ್ಕ್ ಸಿಗದ ಮಲೆನಾಡಿನ ಒಂದು ತಾಲ್ಲೂಕು, ವಿಸ್ತಾರ ಹೋಬಳಿಗಳ ಬಯಲುಸೀಮೆಯ ಒಂದು ತಾಲ್ಲೂಕಿನಲ್ಲಿ ಪರೀಕ್ಷಿಸಲಿ. ತಂತ್ರಾಂಶ ರೂಪಿಸಿದವರು ಅಧಿಕಾರಿಯ ಪಕ್ಕದಲ್ಲೇ ಕುಳಿತು, ಆತ ಎಲ್ಲಿ ತಡವರಿಸುತ್ತಾನೆ, ಒಂದೇ ವಿವರವನ್ನು ಎಷ್ಟು ಬಾರಿ ತುಂಬುತ್ತಾನೆ ಎಂಬುದನ್ನು ಗಮನಿಸಲಿ. ತಿದ್ದುಪಡಿಗಳೂ ಒಂದೊಂದಾಗಿ ಬರಲಿ. ರಾತ್ರೋರಾತ್ರಿ ಇಡೀ ಪರದೆ ಬದಲಾದರೆ, ರೂಢಿಯಾದ ಕೈಯೂ ತಪ್ಪುತ್ತದೆ.

ಇದರಿಂದ ವಿಳಂಬವಾಗುತ್ತದೆ ಎಂಬ ಆಕ್ಷೇಪ ಸಹಜ. ಆದರೆ ಅವಸರದ ಬೆಲೆ ತೆರುವವರು ಯಾರು? ಪಹಣಿಯಲ್ಲಿ ಹೆಸರಿನ ಒಂದಕ್ಷರ ತಪ್ಪಿದರೂ ಬೆಳೆ ಸಾಲಕ್ಕೆ, ಪರಿಹಾರಕ್ಕೆ ತೊಡಕಾಗುತ್ತದೆ. ಅದನ್ನು ಸರಿಪಡಿಸಲು ತಾಲ್ಲೂಕು ಕಚೇರಿಗೆ ಅಲೆಯಬೇಕಾದವನು ರೈತ. ಆ್ಯಪ್‌ಗಳ ಸಂಖ್ಯೆಯನ್ನೇ ಸಾಧನೆಯೆಂದು ಎಣಿಸುವ ಮುನ್ನ, ಆ ಅಲೆದಾಟ ಎಷ್ಟು ಕಡಿಮೆಯಾಯಿತು ಎಂಬುದನ್ನು ಸರ್ಕಾರ ಅಳೆಯಬೇಕಾಗಿದೆ.