ಫಿಲ್ಲರ್ ಅಂತೆ, ಫಿಲ್ಲರ್!

ನಮ್ಮ ಆಫೀಸಿನಲ್ಲಿ ಒಂದು ಜಾತಿಯ ಪ್ರೇಕ್ಷಕರಿದ್ದಾರೆ. ಯಾವ ಸೀರೀಸ್ ಶುರು ಮಾಡಿದ್ರೂ ಮೊದಲು ‘ಯಾವ್ ಎಪಿಸೋಡ್ ಸ್ಕಿಪ್ ಮಾಡ್ಬಹುದು’ ಅಂತ ಪಟ್ಟಿ ಹುಡುಕುವವರು. ಕಾರ್ಟೂನ್ ಕಾಮಿಡಿಗಳಲ್ಲಿ ಬರುವ ಮೂರು-ಕಥೆ ಎಪಿಸೋಡುಗಳಿಗೆ ಆ ಪಟ್ಟಿಯಲ್ಲಿ ಖಾಯಂ ಜಾಗ. ಕಾರಣ ಕೇಳಿದ್ರೆ, ‘ಮೇನ್ ಕಥೆಗೆ ಸಂಬಂಧ ಇಲ್ಲ ಮಗಾ, ಫಿಲ್ಲರ್.’

ಮೈ ಉರಿಯುತ್ತೆ ನನಗೆ.

‘ದಿ ಸಿಂಪ್ಸನ್ಸ್’ ತಗೊಳ್ಳಿ. 1990ರ ಅಕ್ಟೋಬರಿನಲ್ಲಿ ‘ಟ್ರೀಹೌಸ್ ಆಫ್ ಹಾರರ್’ ಅಂತ ಒಂದೇ ಎಪಿಸೋಡಿನಲ್ಲಿ ಮೂರು ಹೆದರಿಸೋ ಕಥೆ ಹೇಳಿದರು. ಆಮೇಲೆ ಅದು ವರ್ಷವರ್ಷದ ಪದ್ಧತಿಯೇ ಆಯ್ತು. ಅದರಲ್ಲಿ ಯಾರು ಬೇಕಾದ್ರೂ ಸಾಯಬಹುದು, ಮುಂದಿನ ವಾರ ಎಲ್ಲರೂ ಹಾಜರ್. 2002ರ ಇನ್ನೊಂದು ಎಪಿಸೋಡಿನಲ್ಲಿ ಹೋಮರ್ ಗ್ರೀಕ್ ವೀರ ಒಡಿಸ್ಸಿಯಸ್, ಲೀಸಾ ಜೋನ್ ಆಫ್ ಆರ್ಕ್, ಬಾರ್ಟ್ ಹ್ಯಾಮ್ಲೆಟ್! ಸೋಫಾ ಬಿಟ್ಟು ಏಳದ ಹೋಮರ್ ಟ್ರಾಯ್ ಯುದ್ಧ ಗೆದ್ದು ಬರ್ತಾನೆ ಅಂದ್ರೆ ನಗು ಬರೋದು ಟ್ರಾಯ್ ನೋಡಿ ಅಲ್ಲ, ಸೋಫಾ ನೆನಪಾಗಿ.

ಇದು ಅರ್ಥ ಆಗಬೇಕಾದ್ರೆ ಹೊಸದುರ್ಗ ತಾಲ್ಲೂಕಿನ ನಮ್ಮ ಮಾಡದಕೆರೆ ಕಡೆ ಹಬ್ಬಕ್ಕೆ ಆಡೋ ಪೌರಾಣಿಕ ನಾಟಕ ನೋಡಬೇಕು. ಹಗಲು ರೇಷನ್ ಅಂಗಡಿಯಲ್ಲಿ ಅಕ್ಕಿ ತೂಗುವವನೇ ರಾತ್ರಿ ದುರ್ಯೋಧನ. ಗದೆ ಎತ್ತಿ ಅಬ್ಬರಿಸ್ತಿದ್ದ ಹಾಗೇ ಹಿಂದಿನಿಂದ ಒಬ್ಬರು, ‘ಈ ತಿಂಗಳ ಅಕ್ಕಿ ಯಾವಾಗಪ್ಪೋ?’ ದುರ್ಯೋಧನ ನಗಬಾರದು, ಮೀಸೆ ತಿರುವುತ್ತಾ ನಗು ನುಂಗ್ತಾನೆ. ಜನ ಬಿದ್ದು ಬಿದ್ದು ನಗ್ತಾರೆ. ಬೆಂಗಳೂರಿನಿಂದ ಒಳ್ಳೆ ನಟನನ್ನು ಕರೆಸಿ, ನಟನೆ ಇನ್ನೂ ಚೆನ್ನಾಗಿರಬಹುದು. ಆ ನಗು ಮಾತ್ರ ಬರಲ್ಲ. ಇಂಥ ಎಪಿಸೋಡು ಪರಿಚಯದವರಿಗೆ ವೇಷ ಹಾಕೋ ಆಟ. ಅದನ್ನ ಫಿಲ್ಲರ್ ಅನ್ನೋದು, ನಾಟಕದ ರಾತ್ರಿ ರೇಷನ್ ಅಂಗಡಿ ಬಾಗಿಲು ಹಾಕಿದೆ ಅಂತ ಗೊಣಗಿದ ಹಾಗೆ.

ಬಿಡಿಕಥೆ ಪೋಣಿಸೋದು ನಮಗೆ ಹೊಸದಂತೂ ಅಲ್ಲ. ಹನ್ನೊಂದನೇ ಶತಮಾನದಲ್ಲೇ ದುರ್ಗಸಿಂಹ ಕನ್ನಡಕ್ಕೆ ಪಂಚತಂತ್ರ ತಂದ. 1976ರಲ್ಲಿ ಪುಟ್ಟಣ್ಣ ಕಣಗಾಲ್ ಮೂರು ಕಥೆ ಸೇರಿಸಿ ‘ಕಥಾಸಂಗಮ’ ಮಾಡಿದರು. ಶಂಕರ್‌ನಾಗ್ ಆಗುಂಬೆಯನ್ನೇ ಮಾಲ್ಗುಡಿ ಮಾಡಿ ವಾರಕ್ಕೊಂದು ಕಥೆ ತೋರಿಸಿದರು, ಅದು ಹಿಂದಿ-ಇಂಗ್ಲಿಷಿನಲ್ಲಿ ಅನ್ನೋದು ಬೇರೆ ಹೊಟ್ಟೆಉರಿ. ಈಗ ಟಿವಿ ಹಾಕಿದ್ರೆ ಅತ್ತೆ ಒಂದು ಬಾಗಿಲು ತೆರೆಯೋಕೆ ಮೂರು ದಿನ.

ಕಾರ್ಟೂನಿಗೆ ಬಂದ್ರೆ 2009ರಿಂದ ಚಿಂಟು ಟಿವಿ ಇದೆ. ಡಬ್ಬಿಂಗ್ ಬೇಡ ಅಂತ ದಶಕಗಟ್ಟಲೆ ಜಗಳ ಆಡಿದೆವು, 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆಯೇ ತಪ್ಪು ಅಂತು. ನಾನಂತೂ ಡಬ್ಬಿಂಗ್ ಪರ. ಮಕ್ಕಳ ಕಿವಿಗೆ ಕನ್ನಡ ಬೀಳಲಿ. ಆದ್ರೆ ಡಬ್ ಆದಾಗ ಮಾತು ನಮ್ಮದು, ಮನೆ ಬೇರೆಯವರದ್ದು. ಆ ಮನೆಯವರಿಗೆ ದುರ್ಯೋಧನನ ಕಿರೀಟ ಇಟ್ರೆ ಯಾರಿಗೆ ನಗು ಬರುತ್ತೆ?

ಅಜ್ಜಿಯಿಂದ ಮೊಮ್ಮಗುವರೆಗೆ ಎಲ್ಲರಿಗೂ ಹೆಸರು ಗೊತ್ತಿರೋ, ಕನ್ನಡದ್ದೇ ಆದ ಒಂದು ಕಾರ್ಟೂನ್ ಕುಟುಂಬ ಹೇಳಿ ನೋಡೋಣ. ‘ಬಜೆಟ್ ಇಲ್ಲ’ ಅನ್ನೋ ನಿರ್ಮಾಪಕರೇ, ಸಾವಿರ ಎಪಿಸೋಡು ಯಾರೂ ಕೇಳ್ತಿಲ್ಲ. ಹೊಸದುರ್ಗದ ಬಸ್ ಸ್ಟ್ಯಾಂಡ್ ಹತ್ರ ಒಂದು ಮನೆ, ಅದರಲ್ಲಿ ಐದು ಜನ, ಒಂದು ಸೀಸನ್ ಬರೆಸಿ. ಮುಂದಿನ ವರ್ಷ ಅವರಿಗೆ ಕಿರೀಟ ನಾವೇ ಹುಡುಕಿ ಕೊಡ್ತೀವಿ.