ಮಡಚಲು ಬಾರದ ಹಾಯಿ ಕೊಳ್ಳಬೇಡಿ

ಮಂಜೇಶ್ವರದಿಂದ ನನ್ನ ಅಕ್ಕನ ಮಗ ಈಚೆಗೆ ಫೋನು ಮಾಡಿ, "ಮಾವ, ಬರುವಾಗ ನನಗೊಂದು ಪ್ಯಾರಾವಿಂಗ್ ತರ್ತೀರಾ? ಜೋರು ಗಾಳಿಗೆ ಎಷ್ಟು ಮೀಟರಿನದ್ದು ಒಳ್ಳೇದು?" ಎಂದು ಕೇಳಿದ. ಪ್ರಶ್ನೆ ಸಣ್ಣದು, ಉತ್ತರ ಫೋನಿನಲ್ಲಿ ಮುಗಿಯುವಂಥದ್ದಲ್ಲ. ವಿಡಿಯೋ ನೋಡಿ ಇದೇ ಆಸೆ ಹತ್ತಿಸಿಕೊಂಡ ಹುಡುಗರು ನಮ್ಮ ಕಾಸರಗೋಡಿನ ಕಡಲ ಬದಿಯಲ್ಲಿ ಇನ್ನೂ ಕೆಲವರು ಇರಬಹುದು. ಅವರಿಗೂ ಆಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಅಮೆರಿಕದ ಆರೆಗಾನ್ ರಾಜ್ಯದಲ್ಲಿ. ಮನೆಯಿಂದ ಒಂದು ಗಂಟೆ ಕಾರಿನಲ್ಲಿ ಹೋದರೆ ಹುಡ್ ರಿವರ್ ಎಂಬ ಊರು. ಕೊಲಂಬಿಯಾ ನದಿ ಅಲ್ಲಿ ಪರ್ವತಗಳನ್ನು ಸೀಳಿಕೊಂಡು ಹರಿಯುತ್ತದೆ. ಬೇಸಿಗೆಯಲ್ಲಿ ಮೂಡಣದ ಒಣ ಬಯಲು ಕಾದಾಗ ಪಡುವಣ ಸಮುದ್ರದ ತಂಪು ಗಾಳಿ ಆ ಕಣಿವೆಗೆ ನುಗ್ಗುತ್ತದೆ. ನೀರು ಪಡುವಣಕ್ಕೆ, ಗಾಳಿ ಮೂಡಣಕ್ಕೆ. ಎರಡೂ ಎದುರಾಬದುರಾಗಿ ಕಡಿದಾದ ಅಲೆ ಏಳುತ್ತದೆ. ವಿಯೆಂಟೋ ಎಂಬಲ್ಲಿಂದ ಹೊರಟು ಸುಮಾರು 8 ಮೈಲಿ ಅಲೆಯ ಮೇಲೆ ತೇಲಿಕೊಂಡೇ ಹುಡ್ ರಿವರಿಗೆ ಬರುವುದು ಇಲ್ಲಿಯವರ ಹುಚ್ಚು. (ವಿಯೆಂಟೋ ಎಂದರೆ ಸ್ಪ್ಯಾನಿಷಿನಲ್ಲಿ ಗಾಳಿ. ಆದರೆ ಊರಿಗೆ ಆ ಹೆಸರು ಬಂದದ್ದು ರೈಲ್ವೆಯ ಮೂವರು ದೊಡ್ಡ ಮನುಷ್ಯರ ಹೆಸರುಗಳ ಮೊದಲಕ್ಷರ ಸೇರಿಸಿ ಎನ್ನುತ್ತಾರೆ!)

ಪ್ಯಾರಾವಿಂಗ್ ಎಂದರೆ ಎಂತದ್ದು? ಒಂದೇ ಪದರದ ತೆಳು ಬಟ್ಟೆ, ಅದಕ್ಕೆ ಗಾಳಿಪಟದ ಹಾಗೆ ದಾರಗಳು, ಕೈಯಲ್ಲಿ ಹಿಡಿಯಲು ಗೇಣುದ್ದದ ಕೋಲು. ಕಾಲಡಿಯ ಹಲಗೆಯ ಕೆಳಗೆ ಕಂಬ, ಅದರ ತುದಿಯಲ್ಲಿ ನೀರೊಳಗಿನ ರೆಕ್ಕೆ. ಇದಕ್ಕೆ ಫಾಯಿಲ್ ಎನ್ನುತ್ತಾರೆ. ವೇಗ ಬಂದೊಡನೆ ಹಲಗೆ ನೀರು ಬಿಟ್ಟು ಮೇಲೇಳುತ್ತದೆ. ಅಲೆ ಸಿಕ್ಕಿತೋ, ಬಟ್ಟೆಯನ್ನು ಮುದುರಿ ಸೊಂಟದ ಚೀಲಕ್ಕೆ ತುರುಕಿ ಬರಿಗೈಯಲ್ಲಿ ಸವಾರಿ. ಹವಾಯಿಯ ಮಾವಿ ದ್ವೀಪದ ಬೋರ್ಡ್‌ರೈಡಿಂಗ್ ಮಾವಿ ಎಂಬ ಕಂಪೆನಿ 2024ರಲ್ಲಿ ಮಾಲಿಕೋ ಹೆಸರಿನದ್ದನ್ನು ಮಾರಾಟಕ್ಕೆ ತಂದ ಮೇಲೆ ಇದು ಹರಡಿತು. ಈಗ ಹಲವು ಕಂಪೆನಿಯವರು ಮಾಡುತ್ತಾರೆ.

ಅಂಗಡಿಯಲ್ಲಿ ಹೋಲಿಸಿ ತೋರಿಸುವುದು ಮೂರೇ ವಿಷಯ: ಎಷ್ಟು ಚದರ ಮೀಟರು, ಗಾಳಿಗೆ ಎದುರಾಗಿ ಎಷ್ಟು ಏರುತ್ತದೆ, ಬೆಲೆ ಎಷ್ಟು. ಜೋರು ಗಾಳಿಗೆ ಈ ಮೂರೂ ಸಾಲದು ಎಂಬುದೇ ನನ್ನ ತಕರಾರು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಬಲ ನಾಲ್ಕು ಪಟ್ಟು. 15 ನಾಟ್‌ನಲ್ಲಿ ಮುದ್ದಾಗಿ ಎಳೆಯುವ ಬಟ್ಟೆ 30 ನಾಟ್‌ನಲ್ಲಿ, ಅಂದರೆ ಗಂಟೆಗೆ ಸುಮಾರು 55 ಕಿಲೋಮೀಟರ್ ಗಾಳಿಯಲ್ಲಿ, ಹೋರಿಯಾಗುತ್ತದೆ. ಆಗ ಬೇಕಾದದ್ದು ಎಳೆತವಲ್ಲ, ಅದನ್ನು ಸುಮ್ಮನಾಗಿಸುವ ಉಪಾಯ.

ನನ್ನ ಬಳಿ ಎರಡಿದ್ದವು, ಎರಡೂ 3 ಮೀಟರಿನವು. ಒಂದು ಮೊದ್ದು, ಗಾಳಿಗೆದುರು ಏರಲು ಒಲ್ಲದು. ಆದರೆ ದಾರ ಗಿಡ್ಡ, ಮುಂದಿನ ದಾರಕ್ಕೆ ಕೆಂಪು ಬಣ್ಣ. ಅದೊಂದನ್ನೇ ಹಿಡಿದರೆ ಬಟ್ಟೆ ಬಾವುಟದಂತೆ ಪಟಪಟಿಸಿ ಬಲ ಕಳೆದುಕೊಳ್ಳುತ್ತದೆ. ಇನ್ನೊಂದು ಚುರುಕು, ಏರುವುದರಲ್ಲಿ ಬಲು ಜಾಣ, ದಾರ ಉದ್ದ, ಎಲ್ಲಾ ದಾರವೂ ಒಂದೇ ಬಣ್ಣ. ಅಂಗಡಿಯವನು ಹೊಗಳಿದ್ದು ಇದನ್ನೇ. ಒಮ್ಮೆ ನೀರಿನ ಮೇಲೆ ಮಡಚಿ ತೋರಿಸು ಅಂದರೆ ನಕ್ಕ.

ಕಳೆದ ಜುಲೈಯಲ್ಲಿ ನದಿಯ ನಡುವೆ ಗಾಳಿ ಒಮ್ಮೆಲೇ ಬೀಸಿತು. ಆ ಜಾಣನ ಮುಂದಿನ ದಾರ ಯಾವುದೆಂದು ಒದ್ದೆ ಕೈಗೆ ತಿಳಿಯಲಿಲ್ಲ. ಬಿದ್ದೆ. ದಾರ ಫಾಯಿಲಿಗೂ ಕಾಲಿಗೂ ಸುತ್ತಿತು. ಆಗಲೇ ಸರಕಿನ ಬಾರ್ಜ್ ತಳ್ಳಿಕೊಂಡು ಬರುತ್ತಿದ್ದ ದೋಣಿ ಐದು ಸಲ ಕೂಗಿತು. ಐದು ಕೂಗು ಅಂದರೆ ಅಪಾಯದ ಸೂಚನೆ. ಅಷ್ಟು ಭಾರದ್ದು ಥಟ್ಟನೆ ನಿಲ್ಲಲಾರದು, ತಪ್ಪಿಸಿಕೊಳ್ಳಬೇಕಾದವನು ನಾನೇ. ಸೊಂಟದ ಚೂರಿಯಿಂದ ದಾರ ಕೊಯ್ದು, ಹಲಗೆಯ ಮೇಲೆ ಬೋರಲು ಮಲಗಿ ಕೈಬೀಸಿ ಆಚೆ ದಡ ಸೇರಿದೆ ಮಾರಾಯ್ರೇ. ಕೈಕಾಲಿನ ನಡುಕ ನಿಲ್ಲಲು ಅರ್ಧ ಗಂಟೆ ಬೇಕಾಯಿತು.

ತಪ್ಪು ಬಟ್ಟೆಯದ್ದು ಮಾತ್ರ ಅಂತಲೂ ಅಲ್ಲ. ಅಂದು ನನ್ನ ಫಾಯಿಲಿನ ಮುಂದಿನ ರೆಕ್ಕೆ 1000 ಚದರ ಸೆಂಟಿಮೀಟರಿನದ್ದು. ವೇಗ ಏರಿದಂತೆ ದೊಡ್ಡ ರೆಕ್ಕೆ ಬೇಡವೆಂದರೂ ಮೇಲೆತ್ತುತ್ತದೆ. ಆಮೇಲೆ 700ರದ್ದು ಹಾಕಿದಾಗ ಅದೇ ಗಾಳಿ ಅರ್ಧದಷ್ಟು ಸೌಮ್ಯವಾದ ಹಾಗೆ ಕಂಡಿತು. ಜನ ಬಟ್ಟೆ ಬದಲಿಸುತ್ತಾರೆ, ರೆಕ್ಕೆ ಬದಲಿಸುವುದಿಲ್ಲ.

ಇನ್ನು ನಮ್ಮೂರು. ಮಳೆಗಾಲದ ಗಾಳಿ ಕಡಲಿನಿಂದ ನೇರ ದಡಕ್ಕೆ ಬೀಸುತ್ತದೆ, ದೂರ ಒಯ್ಯದು ಎಂದು ಹುಡುಗರ ಲೆಕ್ಕ. ಆದರೆ ದಡದಲ್ಲೇ ತೆರೆ ಮುರಿಯುವುದು. ಆ ನೊರೆಯಲ್ಲಿ ದಾರ ಬಿಡಿಸುತ್ತಾ ಕೂರಲಾಗುತ್ತದೆಯೇ? ಕಡಲಲ್ಲಿ ಹುಟ್ಟಿ ಬೆಳೆದ ಮೊಗವೀರರೇ ತೆರೆ ನೋಡಿ ದೋಣಿ ಮೇಲೆಳೆದು ಕೂರುವ ದಿನಗಳವು.

ಅಳಿಯನಿಗೆ ಹೇಳಿದ್ದೇನೆ: 3 ಮೀಟರಿನದ್ದು ತರುವುದಿಲ್ಲ, ಮುಂದಿನ ದಾರ ಕೆಂಪಿರುವ 5 ಮೀಟರಿನದ್ದು ತರುತ್ತೇನೆ, ಜನವರಿಯ ಮಧ್ಯಾಹ್ನದ ಕಡಲಗಾಳಿಗೆ ಅದು ಸಾಕು. ಮೊದಲು ಹೊಯ್ಗೆಯ ಮೇಲೆ ನಿಂತು, ಕಣ್ಣು ಮುಚ್ಚಿ, ಒದ್ದೆ ಕೈಯಲ್ಲಿ ನೂರು ಸಲ ಮಡಚಲಿ. ಮಳೆಗಾಲದಲ್ಲಿ ಅದು ಮನೆಯ ಅಟ್ಟದಲ್ಲಿರುತ್ತದೆ. ಅಟ್ಟದ ಬೀಗದ ಕೈ ಅಕ್ಕನ ಹತ್ತಿರ.