ಹೋಗ್ತೀಯಾ ಎಂದು ನಮ್ಮ ಮಕ್ಕಳನ್ನು ಕೇಳಿದವರು ಯಾರು?

ಡಿಗ್ರಿ ಓದುವಾಗಲೇ ಹೊರದೇಶಕ್ಕೆ ಹೋಗಬೇಕೋ ಬೇಡವೋ? ಬೆಂಗಳೂರಿನ ದುಬಾರಿ ಖಾಸಗಿ ವಿಶ್ವವಿದ್ಯಾಲಯಗಳು ಸೀಟು ಕೊಡುವ ದಿನವೇ ಈ ಪ್ರಶ್ನೆಯನ್ನು ಮಕ್ಕಳ ಮುಂದಿಡುತ್ತವೆ. ಒಂದು ಸೆಮಿಸ್ಟರ್ ಯುರೋಪಿನಲ್ಲಿ, ಅಲ್ಲಿ ಗಳಿಸಿದ ಕ್ರೆಡಿಟ್ ಇಲ್ಲಿ ಜಮಾ. ಮನೆಯವರು ಕೂತು ಲೆಕ್ಕ ಹಾಕುತ್ತಾರೆ, ಮಗ ಅಥವಾ ಮಗಳು ಯೋಚಿಸಿ ಹೇಳುತ್ತೇನೆ ಅನ್ನುತ್ತಾರೆ. ದೇವದುರ್ಗದಲ್ಲೋ ಹೂವಿನಹಡಗಲಿಯಲ್ಲೋ ಸರ್ಕಾರಿ ಕಾಲೇಜಿಗೆ ಸೇರಿದ ಕೂಲಿಕಾರರ ಮಗಳನ್ನು ಯಾರೂ ಹೀಗೆ ಕೇಳುವುದಿಲ್ಲ. ಅವಳ ಪ್ರಶ್ನೆಗಳೇ ಬೇರೆ. ಈ ತಿಂಗಳಾದರೂ ಅತಿಥಿ ಉಪನ್ಯಾಸಕರು ಬರುತ್ತಾರಾ? ಸ್ಕಾಲರ್‌ಶಿಪ್ ಖಾತೆಗೆ ಬಿತ್ತಾ? ಹಾಸ್ಟೆಲ್‌ನಲ್ಲಿ ಸೀಟು ಸಿಗುತ್ತಾ?

ಹೋಗುವುದೋ ಬಿಡುವುದೋ ಎಂದು ಯೋಚಿಸುವುದಕ್ಕೂ ಈ ದೇಶದಲ್ಲಿ ಆಸ್ತಿ ಬೇಕು, ಜಾತಿ ಬೇಕು. ನನ್ನ ಸಿಟ್ಟು ಇರುವುದು ಅಲ್ಲಿ. ಒಂದು ವರ್ಗದ ಮಕ್ಕಳು ತೀರ್ಮಾನ ಮಾಡುತ್ತಾರೆ. ಇನ್ನೊಂದು ವರ್ಗದ ಮಕ್ಕಳ ತೀರ್ಮಾನವನ್ನು ಅವರು ಹುಟ್ಟುವ ಮೊದಲೇ ಬೇರೆಯವರು ಮಾಡಿ ಮುಗಿಸಿರುತ್ತಾರೆ.

ಬ್ಯಾಂಕಿಗೆ ಹೋಗಿ ನೋಡಿ. ಶಿಕ್ಷಣ ಸಾಲ ಎಲ್ಲರಿಗೂ ಇದೆ ಎಂದು ಗೋಡೆಯ ಮೇಲೆ ಬರೆದಿದ್ದಾರೆ. ಸಾಲ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುತ್ತಾರೆ. ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಆದರೆ ವೀಸಾ ಬೇಕಾದರೆ ಒಂದು ವರ್ಷದ ಊಟ-ಬಾಡಿಗೆಯ ಬಾಬ್ತು 11,904 ಯೂರೋ ನಿಮ್ಮ ಬಳಿ ಇದೆ ಎಂದು ಮೊದಲೇ ಖಾತೆಗೆ ಕಟ್ಟಿ ತೋರಿಸಬೇಕು. ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿಗೂ ಹೆಚ್ಚು. ಬ್ರಿಟನ್ನಿನ ವಿದ್ಯಾರ್ಥಿ ವೀಸಾಕ್ಕೆ ಆರೋಗ್ಯ ಶುಲ್ಕವೆಂದೇ ವರ್ಷಕ್ಕೆ 776 ಪೌಂಡ್. ಇದು ಪಾಠದ ಕೋಣೆಗೆ ಕಾಲಿಡುವ ಮುಂಚಿನ ಖರ್ಚು. ಅರ್ಧ ಎಕರೆಯೂ ಇಲ್ಲದ ಮನೆಯಲ್ಲಿ ಅಡ ಇಡುವುದಕ್ಕೆ ಏನಿದೆ?

ಸರ್ಕಾರ ಏನು ಮಾಡಿದೆ ಎನ್ನುತ್ತೀರಾ? ಪರಿಶಿಷ್ಟ ಜಾತಿಯ ಮಕ್ಕಳಿಗಾಗಿ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. 1954-55ರಲ್ಲಿ ಶುರುವಾದ ಯೋಜನೆ. ಇಡೀ ದೇಶಕ್ಕೆ ವರ್ಷಕ್ಕೆ 125 ಸೀಟು. ಅದೇ ಸೀಟುಗಳಲ್ಲಿ ಅಲೆಮಾರಿಗಳ, ಭೂಹೀನ ಕೂಲಿಕಾರರ, ಕುಶಲಕರ್ಮಿಗಳ ಮಕ್ಕಳಿಗೂ ಪಾಲು. ಸ್ನಾತಕೋತ್ತರ ಪದವಿಗೆ, ಪಿಎಚ್‌ಡಿಗೆ ಮಾತ್ರ ಈ ಹಣ. ಪದವಿ ತರಗತಿಯ ಮಕ್ಕಳು ಈ ಬಾಗಿಲಿನ ಹತ್ತಿರವೂ ಸುಳಿಯುವಂತಿಲ್ಲ. ಇನ್ನು 2025ರಲ್ಲಿ ಆಯ್ಕೆಯಾದ 106 ಮಂದಿಯಲ್ಲಿ ಮೊದಲಿಗೆ 40 ಮಂದಿಗಷ್ಟೇ ಪತ್ರ ಕೊಟ್ಟರು. ಉಳಿದ 66 ಮಂದಿಗೆ ಹಣ ಲಭ್ಯವಾದರೆ ನೋಡೋಣ ಎಂದರು. ವಿಮಾನ ನಿಲ್ದಾಣಕ್ಕೆ, ಮೂರ್ತಿಗೆ, ಸಮಾವೇಶಕ್ಕೆ ಹಣ ಇಲ್ಲ ಎಂದು ಯಾವ ಮಂತ್ರಿಯಾದರೂ ಹೇಳಿದ್ದುಂಟೇ?

ಇದಕ್ಕಿಂತ ದೊಡ್ಡ ಅವಮಾನ 2022ರಲ್ಲಿ ನಡೆಯಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತೀಯ ಸಮಾಜದ ಅಧ್ಯಯನ ಮಾಡುವವರಿಗೆ ಈ ವಿದ್ಯಾರ್ಥಿವೇತನ ಇಲ್ಲ ಎಂಬ ನಿಯಮ ತಂದರು. ಅದನ್ನೆಲ್ಲ ಇಲ್ಲೇ ಓದಬಹುದು, ಹೊರಗೆ ಹೋಗುವ ಅಗತ್ಯ ಇಲ್ಲ ಎಂಬುದು ಅವರು ಕೊಟ್ಟ ಕಾರಣ. ಕೇರಿಯಲ್ಲಿ ಹುಟ್ಟಿದ ಹುಡುಗಿ ಜಾತಿಯ ಬಗ್ಗೆ ಜಗತ್ತಿನ ಎದುರು ಪ್ರಬಂಧ ಮಂಡಿಸಬಾರದು, ಇದರ ಅರ್ಥ ಇಷ್ಟೇ.

ಬಾಬಾಸಾಹೇಬ ಅಂಬೇಡ್ಕರ್ 1913ರಲ್ಲಿ ಬರೋಡ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. 1916ರ ಮೇ ತಿಂಗಳಲ್ಲಿ ಅಲ್ಲಿನ ಒಂದು ಸೆಮಿನಾರಿನಲ್ಲಿ ಅವರು ಓದಿದ ಪ್ರಬಂಧದ ವಿಷಯ ಭಾರತದ ಜಾತಿಗಳು, ಅವುಗಳ ಹುಟ್ಟು, ಅವು ನಡೆಯುವ ಬಗೆ. 2022ರ ನಿಯಮ ಅಂದು ಇದ್ದಿದ್ದರೆ ಆ ವಿಷಯ ಬರೆದ ಅರ್ಜಿ ಗುಮಾಸ್ತನ ಮೇಜಿನಲ್ಲೇ ಸಾಯುತ್ತಿತ್ತು. ಏಪ್ರಿಲ್ 14ರಂದು ಆ ಮಹಾನುಭಾವನ ಕೊರಳಿಗೆ ಹಾರ ಹಾಕುವ ಕೈಗಳೇ ಅವರ ದಾರಿಗೆ ಅಡ್ಡ ಬೇಲಿ ಹಾಕಿವೆ.

ದೇಶಭಕ್ತಿಯ ಪಾಠ ಹೇಳುವವರು ಇನ್ನೊಂದು ಕಡೆ. ಇಲ್ಲಿನ ಅನ್ನ ತಿಂದು ಅಲ್ಲಿಗೆ ದುಡಿಯಲು ಹೋಗುತ್ತಾರೆ ಎಂದು ಬೈಯುತ್ತಾರೆ. ತಮ್ಮ ಮಕ್ಕಳನ್ನು ಕ್ಯಾಲಿಫೋರ್ನಿಯಾದಲ್ಲಿಟ್ಟು ನಮ್ಮ ಮಕ್ಕಳಿಗೆ ತಾಯ್ನಾಡಿನ ಋಣ ನೆನಪಿಸುವ ಈ ಜನಕ್ಕೆ ನಾಚಿಕೆಯಾಗಬೇಕು. ಅಂಬೇಡ್ಕರ್ ವಾಪಸ್ ಬಂದರಲ್ಲ? 1917ರಲ್ಲಿ ಬರೋಡದ ನೌಕರಿಗೆ ಸೇರಿದ ಆ ವಿದ್ವಾಂಸನಿಗೆ ಊರಿನಲ್ಲಿ ಇರುವುದಕ್ಕೊಂದು ಕೋಣೆ ಸಿಗಲಿಲ್ಲ. ಜಾತಿ ಮುಚ್ಚಿಟ್ಟು ಪಾರ್ಸಿಗಳ ವಸತಿಗೃಹದಲ್ಲಿದ್ದವರನ್ನು ದೊಣ್ಣೆ ಹಿಡಿದು ಬಂದವರು ಹೊರಹಾಕಿದರು. ಮರಳಿ ಬಂದವರನ್ನು ನಡೆಸಿಕೊಂಡ ರೀತಿ ಇದು. ಋಣ ತೀರಿಸಬೇಕಾದವರು ನಮ್ಮ ಮಕ್ಕಳಲ್ಲ.

ಹೊರಗೆ ಹೋದವರು ಬೇರು ಕಳೆದುಕೊಳ್ಳುತ್ತಾರೆ ಎಂಬುದೂ ಸುಳ್ಳು. ಯು.ಆರ್. ಅನಂತಮೂರ್ತಿ 'ಸಂಸ್ಕಾರ' ಬರೆದದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾಗ. ಮಲೆನಾಡಿನ ಅಗ್ರಹಾರದ ಕೊಳೆತ ಒಳಗನ್ನು ಅವರು ಅಷ್ಟು ದೂರದಿಂದ ಅಷ್ಟು ನಿಚ್ಚಳವಾಗಿ ಕಂಡರು. ಅಗ್ರಹಾರದ ಹುಡುಗನಿಗೆ ದಕ್ಕಿದ ಆ ದೂರ ಹಟ್ಟಿಯ ಹುಡುಗಿಗೂ ದಕ್ಕಬೇಕು. ಅವಳು ಕಂಡದ್ದನ್ನು ಬರೆದರೆ ಕನ್ನಡ ಮತ್ತೊಮ್ಮೆ ಬೆಚ್ಚಿಬೀಳುತ್ತದೆ.

ನಮ್ಮ ಬೇಡಿಕೆಗಳು ಸ್ಪಷ್ಟ. ಒಂದು ಸೆಮಿಸ್ಟರ್ ಹೊರದೇಶದಲ್ಲಿ ಓದುವ ಅವಕಾಶ ಸರ್ಕಾರಿ ಪದವಿ ಕಾಲೇಜಿಗೂ ಬರಬೇಕು. ಪಾಸ್‌ಪೋರ್ಟ್, ಭಾಷಾ ಪರೀಕ್ಷೆ, ವೀಸಾ, ವಿಮಾನದ ಖರ್ಚನ್ನು ಸರ್ಕಾರವೇ ಮುಂಗಡ ಕೊಡಬೇಕು. ಮೊದಲು ನೀವು ಕಟ್ಟಿ, ಆಮೇಲೆ ನಾವು ಕೊಡುತ್ತೇವೆ ಎಂಬ ಮಾತು ಬಡವರಿಗೆ ಬಾಗಿಲು ಮುಚ್ಚುವ ಮಾತು. ಪರಿಶಿಷ್ಟರ ಮಕ್ಕಳ ಹೊರದೇಶದ ಓದಿಗೆಂದು ಇರುವ ರಾಜ್ಯದ 'ಪ್ರಬುದ್ಧ' ಯೋಜನೆಯ ಹಣ ತರಗತಿ ಶುರುವಾಗುವ ಮೊದಲೇ ಕೈಸೇರಬೇಕು. 2022ರ ಆ ನಿಯಮವನ್ನು ಬೇರುಸಹಿತ ಕಿತ್ತುಹಾಕಬೇಕು.

ತಂಗೀ, ತಮ್ಮಾ, ಈಗ ನಿಮ್ಮ ಜೊತೆ ಎರಡು ಮಾತು. ಹೊಲ ಮಾರಿ, ಏಜೆಂಟನ ಕೈಗೆ ದುಡ್ಡು ಸುರಿದು ಹೋಗಬೇಡಿ. ಏಜೆಂಟರು ಕೊಟ್ಟ ನಕಲಿ ಪ್ರವೇಶಪತ್ರ ನಂಬಿ ಕೆನಡಾಕ್ಕೆ ಹೋದ ಪಂಜಾಬಿನ ಮಕ್ಕಳು 2023ರಲ್ಲಿ ಗಡೀಪಾರಿನ ಭಯದಲ್ಲಿ ಬೀದಿಯಲ್ಲಿ ಕೂತಿದ್ದರು. ಹೊರದೇಶದ ಕ್ರೆಡಿಟ್ ಇಲ್ಲಿ ಲೆಕ್ಕಕ್ಕೆ ಬರುತ್ತದೆ ಎಂದು ನಿಮ್ಮ ವಿಶ್ವವಿದ್ಯಾಲಯದಿಂದ ಬರಹದಲ್ಲಿ ಪಡೆಯಿರಿ. ಪೂರ್ತಿ ಖರ್ಚು ಯಾರು ಹೊರುತ್ತಾರೆ ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಎಲ್ಲ ತಿಳಿದ ಮೇಲೆ ಬೇಡ ಅನ್ನಿಸಿದರೆ ತಲೆಯೆತ್ತಿ ಬೇಡ ಅನ್ನಿ. ಆದರೆ ಅದು ದೊಡ್ಡವರ ಮಕ್ಕಳ ಓದು ಎಂದೋ, ಹೆಣ್ಣುಮಗಳಿಗೆ ಅಷ್ಟು ದೂರ ಯಾಕೆ ಎಂದೋ ಯಾರಾದರೂ ಹೇಳಿದ ಕಾರಣಕ್ಕೆ ಹಿಂದೆ ಸರಿಯಬೇಡಿ. ಅರ್ಜಿ ಹಾಕಿ. ಗೆಳೆಯರಿಂದಲೂ ಹಾಕಿಸಿ. ಅರ್ಜಿ ತಳ್ಳಿಹಾಕಿದರೆ ಮಾಹಿತಿ ಹಕ್ಕಿನಲ್ಲಿ ಕಾರಣ ಕೇಳಿ, ಆ ಕಾಗದ ಹಿಡಿದು ಇಲಾಖೆಯ ಮುಂದೆ ಒಟ್ಟಾಗಿ ಕೂತುಕೊಳ್ಳಿ. ನಾವು ನಿಮ್ಮ ಜೊತೆ ಕೂರುತ್ತೇವೆ.